ಊದಿದರೆ ಮಾತ್ರ ಹೊರಡುವ ವ್ಯಾನು

ಮಾವನ ವ್ಯಾನಿಗೆ ಊದುವ ಯಂತ್ರ ಕೂರಿಸುತ್ತಾರಂತೆ ಎಂದಾಗ ಮೊದಲು ವಿರೋಧಿಸಿದವಳು ನಾನು. ಮಾವನಲ್ಲ. ಅವರಿಗೆ ಕೆಲಸ ಬೇಕಿತ್ತು, ನನಗೆ ವಾದ ಬೇಕಿತ್ತು.

ಅಮ್ಮನ ತಮ್ಮನಾದ ಈ ಮಾವ ಇಲ್ಲಿ ಗಲ್ಫಿನಲ್ಲಿ, ಕರಾಮ ಎಂಬ ಬಡಾವಣೆಯ ಒಂದು ಅಡುಗೆಮನೆಯ ವ್ಯಾನು ಓಡಿಸುತ್ತಿದ್ದರು. ದೋಸೆ ಹಿಟ್ಟಿನ ಬಕೆಟ್ಟುಗಳನ್ನು ಮರಳುಗಾಡಿನಾಚೆಯ ಅಲ್ ಐನ್ ಪಟ್ಟಣದ ಹೋಟೆಲುಗಳಿಗೆ ಮುಟ್ಟಿಸುವ ಕೆಲಸ. ಒಂದು ರಜಾದಿನ ಗೆಳೆಯನ ಫ್ಲಾಟಿನಲ್ಲಿ ಕುಡಿದು ಬಂದವರು, ತಮ್ಮ ಕಾರನ್ನು ರಿವರ್ಸ್ ತೆಗೆಯುವಾಗ ನಿಂತಿದ್ದ ಇನ್ನೊಂದು ಕಾರಿಗೆ ತಾಗಿಸಿದರು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಕುಡಿದು ಸ್ಟಿಯರಿಂಗ್ ಹಿಡಿದವನಿಗೆ ಇಲ್ಲಿ ‘ಸ್ವಲ್ಪ’ ಎಂಬ ಅಳತೆಯೇ ಇಲ್ಲ. ಪೊಲೀಸು, ಕೋರ್ಟು, ಲೈಸೆನ್ಸ್ ಅಮಾನತು, ಎಲ್ಲ ಆಯಿತು.

ಅಡುಗೆಮನೆಯ ಮಾಲೀಕರು ನಮ್ಮ ಕರಾವಳಿಯವರೇ ಆದ ಬ್ಯಾರಿ ಹಾಜಿಯವರು. ಅವರು ಮಾವನನ್ನು ಹೊರಗೆ ಹಾಕದೆ ಗ್ರೈಂಡರಿನ ಮುಂದೆ ನಿಲ್ಲಿಸಿದರು. ಲೈಸೆನ್ಸ್ ಮರಳಿ ಬಂದಾಗ ಒಂದು ಶರತ್ತು ಹಾಕಿದರು. ವ್ಯಾನು ಸ್ಟಾರ್ಟ್ ಮಾಡುವ ಮೊದಲು ಯಂತ್ರದ ಕೊಳವೆಗೆ ಊದಬೇಕು. ಉಸಿರಿನಲ್ಲಿ ಮದ್ಯ ಇಲ್ಲದಿದ್ದರೆ ಹಸಿರು ದೀಪ. ಇದ್ದರೆ ಕೆಂಪು, ಜೊತೆಗೆ ಹಾಜಿಯವರ ಫೋನಿಗೊಂದು ಮೆಸೇಜು. ಇದು ಕಾನೂನು ಹೇಳಿದ್ದಲ್ಲ, ಹಾಜಿಯವರೇ ಹುಡುಕಿ ತರಿಸಿದ್ದು.

“ಒಂದೇ ಒಂದು ಸಲ ಕೆಂಪು ಬಂದ್ರೆ ಖಲಾಸ್. ಆಮೇಲೆ ನೀನುಂಟು, ಊರಿಗೆ ಹೋಗುವ ವಿಮಾನ ಉಂಟು,” ಎಂದಿದ್ದರು.

ನಾನು ಶನಿವಾರಗಳಂದು ಅಲ್ ಐನ್‌ನ ಶಾಲೆಯೊಂದರಲ್ಲಿ ಮಕ್ಕಳಿಗೆ ಡಿಬೇಟ್ ಕಲಿಸುತ್ತೇನೆ. ನಾನಿರುವ ಮಾವನ ಮನೆಯ ಊಟದ ಮೇಜಿನಲ್ಲೂ ಅದೇ ಚಾಳಿ. ಆ ರಾತ್ರಿ ಮಾವನಿಗೆ ಹೇಳಿದೆ: “ಒಬ್ಬ ಈಗ ಕುಡಿದಿಲ್ಲ ಅಂತ ಮಾತ್ರ ಯಂತ್ರ ಹೇಳ್ತದೆ. ಅವನು ಬದಲಾಗಿದ್ದಾನೆ ಅಂತ ಹೇಳ್ತದಾ? ನಂಬಿಕೆ ಇದ್ರೆ ಯಂತ್ರ ಬೇಡ. ನಂಬಿಕೆ ಇಲ್ಲದಿದ್ರೆ ಯಂತ್ರದಿಂದ ಅದು ಹುಟ್ಟುವುದಿಲ್ಲ.”

“ಇವಳಿಗೆ ಬಡಿಸುವ ಮೊದಲು ಟಾಸ್ ಹಾಕ್ಬೇಕು, ಇವತ್ತು ಯಾವ ಪಕ್ಷ ಅಂತ,” ಎಂದರು ಅತ್ತೆ.

ಮಾವ ಮೀನಿನ ಮುಳ್ಳು ಬಿಡಿಸುತ್ತ ಹೇಳಿದರು: “ನಾನು ಕುಡಿಲಿಲ್ಲ ಅಂತ ನಾನೇ ಹೇಳಿದ್ರೆ ಯಾರು ಕೇಳ್ತಾರೆ ಮಾರಾಯ್ತಿ? ನನ್ನ ಪರ ಒಂದು ಸಾಕ್ಷಿ ಇರ್ಲಿ.”

ನಾನು ಅನ್ನಕ್ಕೆ ಸಾರು ಬಡಿಸಿಕೊಂಡೆ.

ಮೊದಲ ಕೆಲವು ವಾರ ದಿನವೂ ಹಸಿರು. ಹಾಗಿರುವಾಗ ಒಂದು ಶನಿವಾರ ಬೆಳಿಗ್ಗೆ ಶಾಲೆಗೆ ಹೋಗಲೆಂದು ಮಾವನ ಪಕ್ಕದ ಸೀಟಿನಲ್ಲಿ ಕುಳಿತಿದ್ದೆ. ಹಿಂದೆ ಬಕೆಟ್ಟುಗಳು ತುಂಬಿದ್ದವು. ಮಾವ ಊದಿದರು. ಕೆಂಪು.

“ಮುಟ್ಟಿಲ್ಲ,” ಎಂದರು ಮಾವ, ನನ್ನ ಮುಖ ನೋಡಿ. “ದೇವರಾಣೆ, ಮುಟ್ಟಿಲ್ಲ.”

ಯಂತ್ರವನ್ನು ನಂಬಬೇಡಿ ಎಂದು ಮನೆಯಲ್ಲಿ ಭಾಷಣ ಬಿಗಿದವಳು ನಾನು. ಆ ಕ್ಷಣದಲ್ಲಿ ನಂಬಿದ್ದು ಯಂತ್ರವನ್ನೇ. ಮಾವನಿಗೆ ಅದು ಗೊತ್ತಾಯಿತು; ಕಿಟಕಿಯ ಕಡೆ ತಿರುಗಿಬಿಟ್ಟರು. ಆಗ ನನ್ನ ಮೂಗಿಗೆ ಬೆಲ್ಲ, ಶುಂಠಿ, ಕಷಾಯ ಎಲ್ಲ ಬೆರೆತ ಒಂದು ಹುಳಿ ವಾಸನೆ ಬಡಿಯಿತು.

“ಮಾವ, ಅರಿಷ್ಟ ಕುಡಿದ್ರಾ?”

“ನಿನ್ನ ಅತ್ತೆ ಕೊಟ್ಟದ್ದು. ರಾತ್ರಿ ಮರ್ತುಹೋಯ್ತು ಅಂತ ಈಗ ಹೊರಡುವಾಗ ಕುಡಿಸಿದ್ಲು. ಹೊಟ್ಟೆಗೆ.”

ಮಾವ ಕುಡಿತ ಬಿಟ್ಟ ಮೇಲೆ ಅವರ ಹೊಟ್ಟೆ ಹದಕ್ಕೆ ಬರಲೆಂದು ಅತ್ತೆ ಊರಿನಿಂದ ತರಿಸಿದ ಔಷಧಿ ಅದು. ಮನೆಯಲ್ಲಿದ್ದ ಮದ್ಯದ ಗ್ಲಾಸುಗಳನ್ನೆಲ್ಲ ಕಸದ ಬುಟ್ಟಿಗೆ ಎಸೆದ ಹೆಂಗಸು, ಹುಳಿಬರಿಸುವಾಗ ತಾನಾಗಿ ಸ್ವಲ್ಪ ಮದ್ಯ ಹುಟ್ಟುವ ಅರಿಷ್ಟವನ್ನು ತನ್ನ ಕೈಯಾರೆ ಅಳೆದು ಕುಡಿಸಿದ್ದರು. ನಮ್ಮ ಕಡೆ ಅದನ್ನು ಯಾರೂ ಮದ್ಯದ ಜೊತೆ ಸೇರಿಸುವುದಿಲ್ಲ. ಬಾಣಂತಿಯರಿಗೆ ಕೊಡುವ ವಸ್ತು.

ಅಷ್ಟರಲ್ಲಿ ಹಾಜಿಯವರು ಅಡುಗೆಮನೆಯ ಮೇಲಿನ ತಮ್ಮ ಫ್ಲಾಟಿನಿಂದ ಇಳಿದು ಬಂದರು, ಕೈಯಲ್ಲಿ ಫೋನು ಹಿಡಿದು.

“ಎಂತ ಇದು?”

ನಾನು ಮಾವನಿಗೆ ಬಾಯಿ ತೆರೆಯಲೂ ಬಿಡಲಿಲ್ಲ. ಅರಿಷ್ಟ ಹೇಗೆ ಮಾಡುತ್ತಾರೆ, ಕುಡಿದ ಕೂಡಲೇ ಊದಿದರೆ ಬಾಯಲ್ಲಿ ಉಳಿದದ್ದನ್ನೇ ಯಂತ್ರ ಹೇಗೆ ಹಿಡಿಯುತ್ತದೆ, ಎಲ್ಲ ಹೇಳಿದೆ. ಬಾಯಿ ಮುಕ್ಕಳಿಸಿ, ಸ್ವಲ್ಪ ತಡೆದು ಇನ್ನೊಮ್ಮೆ ಊದಲಿ, ಹಸಿರು ಬಾರದಿದ್ದರೆ ಆಮೇಲೆ ಮಾತಾಡಿ ಎಂದೆ.

“ನೀನು ಲಾಯರಾ?”

“ಅಲ್ಲ, ಡಿಬೇಟ್ ಕಲಿಸ್ತೇನೆ.”

“ಹಾಗಾದ್ರೆ ಫೀಸು ಇಲ್ಲದ ಲಾಯರು,” ಎಂದರು. ಆದರೂ ಕಾದರು. ಮಾವ ಬಾಯಿ ತೊಳೆದು ಬಂದು, ಸ್ವಲ್ಪ ಹೊತ್ತಿನ ಮೇಲೆ ಯಂತ್ರ ಮತ್ತೆ ಊದಲು ಹೇಳಿದಾಗ ಊದಿದರು. ಹಸಿರು. ಇಂಜಿನ್ ಗುರುಗುಟ್ಟಿತು. ನಾನು ಗೆದ್ದ ಗತ್ತಿನಲ್ಲಿ ಹಾಜಿಯವರ ಕಡೆ ನೋಡಿದೆ.

ಮಾವ ಇಂಜಿನ್ ಆಫ್ ಮಾಡಿ ಕೀ ತೆಗೆದರು. ಕೆಳಗಿಳಿದು ಅದನ್ನು ಹಾಜಿಯವರ ಕೈಗಿಟ್ಟರು.

“ಇವತ್ತು ನಾನು ಓಡಿಸುದಿಲ್ಲ, ಹಾಜಿಯವ್ರೇ.”

“ಮಾವ, ಹಸಿರು ಬಂತಲ್ಲ! ಕೇಸು ಮುಗೀತು.”

“ನಿನ್ನ ಕೇಸು ಮುಗೀತು. ಒಳಗೆ ಹೋದದ್ದು ಹೌದಲ್ಲ ಮಗಾ? ಹೆಸರು ಬೇರೆ, ಅಷ್ಟೆ. ಆವತ್ತು ಕಾರು ತೆಗೆಯುವಾಗ್ಲೂ ನಾನು ಹೀಗೆಯೇ ಹೇಳಿದ್ದು. ಸ್ವಲ್ಪ ಅಲ್ವಾ, ಏನೂ ಆಗುದಿಲ್ಲ ಅಂತ.” ಆಮೇಲೆ ಹಾಜಿಯವರ ಕಡೆ ತಿರುಗಿದರು. “ಕಳಿಸುದಾದ್ರೆ ಕಳಿಸಿ. ಮಾಲು ಮಾತ್ರ ಬಿಸಿಲೇರುವ ಮೊದಲು ಹೋಗ್ಬೇಕು, ಹಿಟ್ಟು ಉಕ್ಕುತ್ತದೆ.”

ಹಾಜಿಯವರು ಕೀಯನ್ನೇ ನೋಡುತ್ತ ನಿಂತರು. ಆಮೇಲೆ ಡ್ರೈವರ್ ಸೀಟು ಹತ್ತಿದರು. ನಾನು ಹಿಂದೆ ಬಕೆಟ್ಟುಗಳ ನಡುವಿನ ಸಣ್ಣ ಸೀಟಿಗೆ ಸರಿದೆ.

ಆದರೆ ಯಂತ್ರಕ್ಕೆ ಹಾಜಿಯೂ ಒಂದೇ, ಮಾವನೂ ಒಂದೇ. ಜನ್ಮದಲ್ಲಿ ಮದ್ಯ ಮುಟ್ಟದ ಮನುಷ್ಯ ಕೊಳವೆಗೆ ಬಾಯಿಟ್ಟು ಊದಿದರು. ಉಸಿರು ಸಾಲದೆಂದು ಯಂತ್ರ ಕಿರುಚಿತು. ಮತ್ತೆ ಊದಿದರು. ಮತ್ತೆ ಕಿರುಚಿತು.

“ಪಾಯಸ ಊದಿ ಆರಿಸಿದ ಹಾಗೆ ಅಲ್ಲ, ಹಾಜಿಯವ್ರೇ,” ಎಂದರು ಮಾವ ಪಕ್ಕದಲ್ಲಿ ಕುಳಿತು. “ಹೊಟ್ಟೆಯಿಂದ ಬರ್ಬೇಕು. ಊದುವಾಗ ಗಂಟಲಲ್ಲಿ ಹೂಂ ಅನ್ಬೇಕು. ನಿಲ್ಲಿಸ್ಬೇಡಿ, ಹೂಂ, ಹೂಂ...”

“ದಿನಾ ಇಷ್ಟು ಕಷ್ಟ ಉಂಟಾ ಇದ್ರಲ್ಲಿ?”

“ಅಭ್ಯಾಸ ಆಗ್ತದೆ.”

ಮೂರನೆಯದಕ್ಕೆ ಹಸಿರು ಬಂತು. ಹಾಜಿಯವರು ಕೊಳವೆಯನ್ನು ಒಂದು ಗಳಿಗೆ ಕೈಯಲ್ಲೇ ಹಿಡಿದುಕೊಂಡಿದ್ದರು. ಅದನ್ನು ಅವರ ಬಾಯಿಗೆ ಯಾರೂ ಹಿಡಿದಿರಲಿಲ್ಲ ಅದುವರೆಗೆ.

ಮರಳು ಕೆಂಪಾಗತೊಡಗಿದ ಕಡೆ, ಅಲ್ ಐನ್ ಹತ್ತಿರವಾದಾಗ, ಹಾಜಿಯವರು ಸೊಂಟ ನೇವರಿಸಿಕೊಂಡು ಹೇಳಿದರು: “ನಾಳೆಯಿಂದ ನೀನೇ ಓಡಿಸು ಮಾರಾಯ. ಈ ಸೀಟಿನಲ್ಲಿ ಮನುಷ್ಯ ಕೂರ್ಲಿಕ್ಕುಂಟಾ?”

“ಮತ್ತೆ, ಕೆಂಪು ಬಂದದ್ದು?” ಎಂದರು ಮಾವ.

“ಕೆಂಪು ಬಂದದ್ದು ಬಂತು. ಹಸಿರು ಬಂದ ಮೇಲೂ ನೀನು ಕೀ ಕೊಟ್ಟೆಯಲ್ಲ. ಅದರ ಬಗ್ಗೆ ಯಂತ್ರ ನನ್ನ ಫೋನಿಗೆ ಯಾವ ಮೆಸೇಜೂ ಕಳಿಸ್ಲಿಲ್ಲ, ನಾನೇ ನೋಡಿದ್ದು.”

ಮಾವ ತಲೆಯಾಡಿಸಿದರು. ಮುಂದಿನ ತಿರುವಿನಲ್ಲಿ ಬಲಕ್ಕೆ ತಗೊಳ್ಳಿ, ಮೊದಲ ಹೋಟೆಲು ಆ ಕಡೆ, ಎಂದರು. ಹಾಜಿಯವರು ಇಂಡಿಕೇಟರ್ ಹಾಕಿದರು.