ಖಾಡಿಗೆ ಬಿಟ್ಟ ಓಲೆಗಳು

ಮಳೆಗಾಲ ಮುಗಿಯುವ ಹೊತ್ತಿಗೆ ನಾವು ಮೂವರು ಸೇರಿ ಒಂದು ಕಟ್ಟು ತಾಳೆಗರಿಯನ್ನು ಠಾಣೆಯ ಖಾಡಿಗೆ, ಅಂದರೆ ಊರೊಳಗೆ ಚಾಚಿದ ಸಮುದ್ರದ ಹಿನ್ನೀರಿಗೆ, ಬಿಟ್ಟು ಬಂದೆವು. ದುಃಖದಿಂದಲ್ಲ, ಸಮಾಧಾನದಿಂದ. ಬರುವಾಗ ದಾರಿಯಲ್ಲಿ ಕಬ್ಬಿನ ಹಾಲು ಕೂಡ ಕುಡಿದೆವು.

ಮೂವರು ಅಂದರೆ ನಾನು, ನನ್ನ ಸೋದರಮಾವ ಮತ್ತು ಅವರ ಮೊಮ್ಮಗಳು ಅನನ್ಯಾ. ಮಾವ ಠಾಣೆ ಸ್ಟೇಷನ್ ಹತ್ತಿರ ಬಹಳ ಕಾಲ ಹೋಟೆಲು ನಡೆಸಿದವರು. (ಅಲ್ಲಿಯ ಬನ್ಸ್‌ಗಾಗಿಯೇ ನಾನು ಡೊಂಬಿವಲಿಯಿಂದ ಲೋಕಲ್ ಹತ್ತುತ್ತಿದ್ದೆ.) ಉಡುಪಿ ಕಡೆಯಿಂದ ಬರುವಾಗ ಅವರು ತಂದ ಆಸ್ತಿ ಅಂದರೆ ಆ ಓಲೆಕಟ್ಟು. ಅವರ ಅಜ್ಜ ಯಕ್ಷಗಾನಕ್ಕಾಗಿ ಬರೆದ ಪ್ರಸಂಗ, ಊರಿನ ದೇವಿಯ ಕಥೆ. ಎಲ್ಲೂ ಅಚ್ಚಾಗಿಲ್ಲ, ಬೇರೆ ಪ್ರತಿ ಇಲ್ಲ. ಆ ಹಳೆಯ ಕೈಬರಹ ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ.

"ಓದ್ಲಿಕ್ಕೆ ಬರುದಿಲ್ಲ, ಹೂ ಇಡ್ಲಿಕ್ಕೆ ಬರ್ತದಲ್ಲ" ಎನ್ನುತ್ತಿದ್ದರು ಮಾವ. ನವರಾತ್ರಿಯಲ್ಲಿ ಅದಕ್ಕೂ ಒಂದು ಪೂಜೆ.

ಈ ವರ್ಷ ಅವರ ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೋಯಿತು. ಕೆಡವಿ ಹೊಸದು ಕಟ್ಟುವವರೆಗೆ ಸಿಕ್ಕ ಬಾಡಿಗೆ ಫ್ಲಾಟು ಇಕ್ಕಟ್ಟು. ಓಲೆಕಟ್ಟು ಮಂಚದ ಕೆಳಗೆ, ಹಳೆ ಚಪ್ಪಲಿಗಳ ಪಕ್ಕಕ್ಕೆ ಬಂತು. ಮಾವನಿಗೆ ಅದನ್ನು ನೋಡಲಾಗಲಿಲ್ಲ.

ಅನನ್ಯಾ ಮಹಾಪೆಯ ಐಟಿ ಕಂಪನಿಯಲ್ಲಿದ್ದಾಳೆ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅಜ್ಜನ ಸಂಕಟ ನೋಡಿ ಒಂದು ಭಾನುವಾರ ಒಂದೊಂದೇ ಓಲೆಯ ಫೋಟೋ ತೆಗೆದು ಎಐಗೆ ಕೊಟ್ಟಳು. ಊಟದ ಹೊತ್ತಿಗೆ ಇಡೀ ಪ್ರಸಂಗ ಪದ್ಯ ಪದ್ಯವಾಗಿ ಕನ್ನಡದಲ್ಲಿ ಬಂದಿತ್ತು.

"ಅಜ್ಜ, ಹೋ ಗಯಾ. ಪೂರಾ ಪಢ್ ಲಿಯಾ."

ಮಾವ ಪ್ರಿಂಟು ಹಿಡಿದು ಗಟ್ಟಿಯಾಗಿ ಓದತೊಡಗಿದರು. ಮಗನನ್ನು ಕಳೆದುಕೊಂಡ ತಾಯಿ ದೇವಿಯ ಮುಂದೆ ಅಳುವ ಜಾಗಕ್ಕೆ ಬಂದು ನಿಂತರು. "ಕಡಲ ಕಡೆಗೆ ನಡೆದವನ ಹೆಜ್ಜೆಯ ತೆರೆಯೆ ಅಳಿಸಿತೆ?" ಎಂಬ ಸಾಲು.

ಮಾವನ ದೊಡ್ಡಪ್ಪ ಹರೆಯದಲ್ಲಿ ಹಡಗು ಹತ್ತಿ ಮುಂಬಯಿಗೆ ಬಂದವರು. ಮತ್ತೆ ಊರಿಗೆ ಹೋಗಲಿಲ್ಲ. ಏನಾದರೋ ತಿಳಿಯಲಿಲ್ಲ. ಅಜ್ಜ ಆ ಮಗನ ಹೆಸರನ್ನೇ ಎತ್ತುತ್ತಿರಲಿಲ್ಲವಂತೆ.

"ಅಜ್ಜನದ್ದು ಕಲ್ಲು ಮನಸ್ಸು ಅಂತ ಮನೆಯಲ್ಲಿ ಎಲ್ಲರೂ ಹೇಳ್ತಿದ್ದದ್ದು" ಎಂದರು ಮಾವ. "ನೋಡು, ಒಳಗೆ ಇಷ್ಟು ಇತ್ತು." ಪಂಚೆಯ ಅಂಚಿನಿಂದ ಕಣ್ಣು ಒರೆಸಿಕೊಂಡರು.

ಆಮೇಲೆ ಓಲೆಗಳದ್ದೇ ಪ್ರಶ್ನೆ. ಪುಡಿಪುಡಿಯಾಗುತ್ತಿದ್ದ ಅವನ್ನು ಇನ್ನು ಯಾಕೆ ಚಪ್ಪಲಿಯ ಪಕ್ಕ ಇಡಬೇಕು? ಓದಿ ಆಯಿತಲ್ಲ? ದೇವರ ಕಥೆ ನೀರಿಗೆ ಸೇರಲಿ ಎಂದು ಮಾವನೇ ಹೇಳಿದರು. ನಾವಿಬ್ಬರೂ ಹೂಂ ಅಂದೆವು. ಗಣಪತಿ ಬಿಡುವ ಘಾಟಿನಲ್ಲಿ ಕಟ್ಟು ಸ್ವಲ್ಪ ಹೊತ್ತು ತೇಲಿ, ಕೆಸರು ನೀರಿನಲ್ಲಿ ಕಾಣದಾಯಿತು.

ದೀಪಾವಳಿಯ ನಂತರ ಡೊಂಬಿವಲಿಯಲ್ಲಿ ನಮ್ಮವರು ಆ ಪ್ರಸಂಗದ ತಾಳಮದ್ದಳೆ ಇಟ್ಟರು. ಭಾಗವತರು ಆ ಸಾಲನ್ನು ಎರಡೆರಡು ಸಲ ಹಾಡಿದರು. ಮಾವ ಮುಂದಿನ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು.

ಮುಗಿದ ಮೇಲೆ ಕಲ್ಯಾಣದಲ್ಲಿ ಮಗಳ ಮನೆಯಲ್ಲಿರುವ ಮೈಸೂರಿನ ಮೇಷ್ಟ್ರೊಬ್ಬರು ಬಂದು ಮಾತಾಡಿಸಿದರು. ಕಾಲೇಜಿನಲ್ಲಿ ಹಳಗನ್ನಡ ಕಲಿಸಿ ನಿವೃತ್ತರಾದವರು. ಕೆಲವು ಪದ್ಯಗಳ ಭಾಷೆ ತೀರಾ ಈಚಿನದು ಅನಿಸಿತಂತೆ. ಅನನ್ಯಾ ಫೋನಿನಲ್ಲಿ ಫೋಟೋ ತೋರಿಸಿದಳು. ಅವರು ದೊಡ್ಡದು ಮಾಡಿ ಮಾಡಿ ನೋಡಿದರು.

"ಈ ಕೆಲವು ಓಲೆಗಳಲ್ಲಿ ಅಕ್ಷರವೇ ಕಾಣ್ತಿಲ್ವಲ್ಲಮ್ಮ. ಪದ್ಯ ಎಲ್ಲಿಂದ ಬಂತು?"

"ಸರ್, ಎಐ ಕೋ ದಿಖಾ ಹೋಗಾ."

"ಅದಕ್ಕೂ ಕಂಡಿರಲ್ಲ. ಹಿಂದುಮುಂದು ನೋಡಿ ತಾನೇ ಕಟ್ಟಿದೆ." ಹಾಗೆಂದು ಮೇಷ್ಟ್ರು ಮಾವನ ಕಡೆ ತಿರುಗಿದರು. "ಯೋಚನೆ ಮಾಡಬೇಡಿ ಸ್ವಾಮಿ, ಓಲೆ ತನ್ನಿ. ಕಬ್ಬಿಣದ ಕಂಟ ಅಂತ ಮೊನೆಗಡ್ಡಿ ಇರುತ್ತೆ, ಅದರಿಂದ ಕೊರೆದ ಅಕ್ಷರ ಎಲ್ಲೂ ಹೋಗಿರಲ್ಲ. ಮಸಿ ಅಷ್ಟೇ ಅಳಿಸಿದೆ. ಹೊಸ ಮಸಿ ಸವರಿ ಒರೆಸಿದ್ರೆ ಎದ್ದು ಬರುತ್ತೆ."

ಅನನ್ಯಾ ನನ್ನ ಮುಖ ನೋಡಿದಳು. ಕೊನೆಗೆ ಮಾವನೇ ಹೇಳಿದರು. "ಓಲೆ ಇಲ್ಲ. ನೀರಿಗೆ ಬಿಟ್ಟೆವು."

ಮೇಷ್ಟ್ರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸುತ್ತಾ ನಿಂತರು. ಬೈದಿದ್ದರೇ ವಾಸಿಯಿತ್ತು.

ಆ ತಾಯಿಯ ಅಳುವಿನ ಸಾಲು ಯಾವ ಓಲೆಯಲ್ಲಿತ್ತು? ಅನನ್ಯಾ ಹುಡುಕಿದಳು. ಖಾಲಿ ಕಾಣುವ ಓಲೆಗಳಲ್ಲೊಂದು.

"ಇಲ್ಲಿ ನನಗೆ ಕಾಣಿಸುತ್ತಿಲ್ಲ" ಎಂದು ಆ ಎಐ ಒಂದು ಮಾತು ಹೇಳಬಹುದಿತ್ತಲ್ಲ? ಜಾಗ ಖಾಲಿ ಬಿಡಬಹುದಿತ್ತಲ್ಲ? ಆದರೆ ನಾವಾದರೂ ಎಷ್ಟು ಜನ ಹಾಗೆ ಹೇಳುತ್ತೇವೆ? ಅಡ್ರೆಸ್ ಗೊತ್ತಿಲ್ಲದಿದ್ದರೂ "ಆಗೇ ಸೆ ಲೆಫ್ಟ್" ಎಂದು ಕೈ ತೋರಿಸುವವರು ನಾವು. ನಮ್ಮ ಬರಹವನ್ನೇ ಓದಿ ಬೆಳೆದದ್ದಕ್ಕೆ ಬೇರೆ ಬುದ್ಧಿ ಎಲ್ಲಿಂದ ಬರಬೇಕು? (ಮೆಷಿನ್ನಿನ ಪರ ವಾದಿಸುತ್ತಿಲ್ಲ. ಆ ದಿನ ನಾನೂ ಒಂದು ಓಲೆಯನ್ನು ಪ್ರಿಂಟಿನ ಪಕ್ಕ ಇಟ್ಟು ನೋಡಲಿಲ್ಲ.)

ಯಾವ ಪದ್ಯ ನೀನು ಕಟ್ಟಿದ್ದು, ಹೇಳು ಎಂದು ಅನನ್ಯಾ ಎಐಯನ್ನೇ ಕೇಳಿದಳು. ಬಹಳ ವಿನಯದಿಂದ ಕ್ಷಮೆ ಕೇಳಿ ಕೆಲವು ಪದ್ಯ ತೋರಿಸಿತು. ಮರುದಿನ ಮತ್ತೆ ಕೇಳಿದಳು. ಅಷ್ಟೇ ವಿನಯದಿಂದ ಬೇರೆ ಪದ್ಯ ತೋರಿಸಿತು. ಅಲ್ಲಿಗೆ ಕೇಳುವುದನ್ನು ಬಿಟ್ಟಳು. "ಅತ್ತೆ, ಮೈನೇ ಹೀ ಡುಬಾಯಾ ನಾ?" ಎಂದು ನನಗೆ ಫೋನು ಮಾಡಿದಳು. ಇಲ್ಲಮ್ಮ, ಮುಳುಗಿಸಿದ್ದು ಮೂವರೂ ಸೇರಿಯೇ ಎಂದೆ. ಅದು ಸಮಾಧಾನದ ಮಾತೇ?

ಮಾವ ಈಗ ಪ್ರಿಂಟು ಮುಟ್ಟುವುದಿಲ್ಲ. ಮೊನ್ನೆ ಹೋದಾಗ ಇಷ್ಟೇ ಹೇಳಿದರು: "ಬೇರೆಲ್ಲ ಹೋಗ್ಲಿ. ಆ ಒಂದು ಸಾಲು ಅಜ್ಜಂದಾ ಅಲ್ವಾ ಅಂತ ಗೊತ್ತಾಗ್ಬೇಕಿತ್ತು. ಇಷ್ಟು ವರ್ಷ ಕಲ್ಲು ಮನಸ್ಸಿನವ ಅಂತ ಗ್ರಹಿಸಿದ್ದೆ. ಈಗ ಎಂತ ಗ್ರಹಿಸುದು?"

ಅಷ್ಟರಲ್ಲಿ ಅವರ ಫೋನು ರಿಂಗಾಯಿತು. ವಾಶಿಯ ಒಂದು ಯಕ್ಷಗಾನ ತಂಡದವರು. ಪ್ರಸಂಗ ವಾಟ್ಸ್ಆ್ಯಪ್‌ನಲ್ಲಿ ಓದಿದರಂತೆ, ಬಹಳ ಚೆನ್ನಾಗಿದೆಯಂತೆ, ಆಡಿಸುತ್ತಾರಂತೆ. ಹ್ಯಾಂಡ್‌ಬಿಲ್ಲಿನಲ್ಲಿ ಕವಿಯ ಹೆಸರು ಏನಂತ ಹಾಕಬೇಕು ಎಂದು ಕೇಳಿದರು. ಮಾವ ಫೋನನ್ನು ನನ್ನ ಕೈಗೆ ಕೊಟ್ಟರು.

ನೀವಾಗಿದ್ದರೆ ಯಾರ ಹೆಸರು ಹೇಳುತ್ತಿದ್ದಿರಿ?