ರೆಕ್ಕೆಯ ಅಡಿಬದಿ

...ಅಥವಾ ಕೊಡೆ ಕಪ್ಪಗಿತ್ತೇನೋ. ನೆನಪಿನಲ್ಲಿ ಅದು ನೀಲಿ. ಚಿಟ್ಟೆಯ ಬಣ್ಣವನ್ನೇ ತೆಗೆದು ಕೊಡೆಗೂ ಬಳಿದಿರಬೇಕು. ನನ್ನ ನೆನಪಿಗೆ ಇಂಥ ಚಟಗಳಿವೆ. ಸುನಂದಕ್ಕ ಉಗುರಿನಷ್ಟು ಚಿಟ್ಟೆಯ ಮೇಲೆ ಕೊಡೆ ಹಿಡಿದು ಕುಕ್ಕರಗಾಲಲ್ಲಿ ಕೂತಿರುತ್ತಿದ್ದುದು ಮಾತ್ರ ಖರೆ. ಬಿಸಿಲು ತಪ್ಪಿದರೆ ಅದು ರೆಕ್ಕೆ ಮಡಚುತ್ತದೆ. ಜಾತಿ ಹೇಳುವ ಗುರುತಿನ ಚುಕ್ಕೆಗಳೆಲ್ಲ ಅಡಿಬದಿಯಲ್ಲಿ.

"ಮ್ಯಾಲಿನ ನೀಲಿ ಎಲ್ಲಾವಕ್ಕೂ ಒಂದ ನಮೂನಿ ಇರ್ತದರಿ. ಅದನ್ನ ನೋಡಿ ಹೆಸರ ಹೇಳಬ್ಯಾಡ್ರಿ," ಎನ್ನುತ್ತಿದ್ದರು.

ನಿವೃತ್ತ ಹಿಂದಿ ಶಿಕ್ಷಕಿ, ರಾಮತೀರ್ಥ ನಗರದಲ್ಲಿ ನಮ್ಮ ಪಕ್ಕದ ಮನೆಯವರು. ನನ್ನ ಅಂಗಳದ, ಈಚಲಿನಂಥ ಸೈಕಸ್ ಗಿಡದ ಎಳೆ ಗರಿಗಳನ್ನು ಹುಳುಗಳು ಮೇಯತೊಡಗಿದಾಗ ನಾನು ಔಷಧಿ ಪಂಪು ಹೊತ್ತು ದಂಡನಾಯಕನಂತೆ ಹೊರಬಿದ್ದೆ.

"ಏನ್ರಿ ಸರ್ರ, ಪಾತರಗಿತ್ತಿ ಕೂಸುಗಳ ಮ್ಯಾಲೆ ಯುದ್ಧಾ? ಇರಿವಿ ನೋಡ್ರಿ, ಹೆಂಗ ಕಾವಲಾ ಕಾಯಾಕತ್ತಾವ!"

ಹುಳು ಸೂಸುವ ಸಿಹಿ ನೆಕ್ಕಲು ಇರುವೆಗಳು ಸುತ್ತ ನೆರೆದಿದ್ದವು. ಪಂಪು ಕೆಳಗಿಟ್ಟೆ. ಹುಳು ಕೋಶವಾಯಿತು, ಕೋಶ ಒಡೆದು ನೀಲಿ ಹಾರಿತು, ಗಿಡ ಕಸಬರಿಗೆಯಾಯಿತು. ನಾನು ಕಂಡಕಂಡವರಿಗೆಲ್ಲ 'ನಾನು ಸಾಕಿದ ಚಿಟ್ಟೆ' ಎಂದೆ.

ಅಕ್ಕನಿಗಿದ್ದದ್ದು ಒಂದೇ ಹಂಬಲ. ಚಿಕ್ಕವರಿದ್ದಾಗ ಕಣಕುಂಬಿಯ ಕಾಡಿನಲ್ಲಿ, ಕಾಡು ಸೈಕಸ್ಸಿನ ಮೇಲೆ, ಅವರವ್ವ ಒಂದು ನೀಲಿ ಚಿಟ್ಟೆ ತೋರಿಸಿದ್ದರು. "ಅದೂ ಇದೂ ಒಂದ ಜಾತಿ ಆಗಿದ್ರ, ಅವ್ವ ದಿನಾ ಅಂಗಳಕ್ಕ ಬಂದು ಹೋದಂಗ ಅಲ್ಲೇನ್ರಿ?"

ಹುಳು ತಂದು ಸಾಕಿ ಜಾತಿ ತಿಳಿಯಬಹುದಿತ್ತು, ಆದರೆ ಅದು ಸಿಗುವುದು ಮಳೆಗಾಲದ ಎಳೆ ಗರಿಯಲ್ಲಿ. ಅಕ್ಕ ಜೈನರು, ಚಾತುರ್ಮಾಸದಲ್ಲಿ ಕಾಡು ತುಳಿಯುವವರಲ್ಲ. "ಕಾಲಾಗ ಸಿಕ್ಕು ಸತ್ತಮ್ಯಾಲೆ ಏನ್ ಹೆಸರ ಕೇಳೂದು?"

ಹಾಗಾಗಿ ದೀಪಾವಳಿ ಕಳೆದ ಮೇಲೆ ಖಾನಾಪುರ ದಾಟಿ ಕಣಕುಂಬಿಗೆ ಹೋದೆವು. ಒಂದೇ ಒಂದು ಚಿಟ್ಟೆ ಸಿಕ್ಕಿತು, ಗರಿಯ ತುದಿಯಲ್ಲಿ, ರೆಕ್ಕೆ ಬಿಚ್ಚಿಕೊಂಡು. ಅಕ್ಕ ಉಸಿರು ಹಿಡಿದು ಕೊಡೆ ಸರಿಸಿದರು. ರೆಕ್ಕೆ ಅರ್ಧ ಮಡಚಿತ್ತು. ಆಗಲೇ ನಾನು ಫೋಟೋಕ್ಕೆಂದು ಬಗ್ಗಿ, ಗರಿಯ ಬುಡದ ಮುಳ್ಳಿಗೆ ಸೊಂಟ ಕೊಟ್ಟು, "ಅಯ್ಯಯ್ಯೋ!" ಎಂದು ಕಾಡೇ ಕೇಳುವಂತೆ ಕಿರುಚಿದೆ. ಚಿಟ್ಟೆ ಹಾರಿಹೋಯಿತು.

ಅಕ್ಕ ನಕ್ಕೂ ನಕ್ಕೂ ನೆಲದ ಮೇಲೆ ಕೂತರು. "ಅದಕ್ಕ ನಿಮ್ಮ ಗುರ್ತ ಸಿಕ್ತ ನೋಡ್ರಿ ಸರ್ರ! ಬರೂ ವರ್ಷ ಮತ್ತ ಬರೂಣು. ಬಾಯಿ ಮನ್ಯಾಗ ಬಿಟ್ಟ ಬರ್ರಿ." ಹೀಗೇ ಅಂದರೋ, ನಾನೇ ತಿದ್ದಿಕೊಂಡೆನೋ.

ಮುಂದಿನ ಬೇಸಿಗೆಯಲ್ಲೇ ಅವರು ತೀರಿಕೊಂಡರು. ಆಮೇಲೆ ಒಬ್ಬನೇ ಎರಡು ಸಲ ಕಣಕುಂಬಿಗೆ ಹೋಗಿ, ಬಾಯಿ ಬಿಗಿಹಿಡಿದು ಕೂತು ಬಂದಿದ್ದೇನೆ. ಯಾವುದೂ ಬಂದು ಕೂರಲಿಲ್ಲ. ಅವರವ್ವ ತೋರಿಸಿದ್ದು ನಮ್ಮ ಅಂಗಳದ್ದೋ, ಬೇರೆಯೋ, ನನಗೆ ಗೊತ್ತಿಲ್ಲ.