ಬಾಗಿಲಿಗೆ ವಾಪಸ್ ಕಳಿಸುವ ಮಿಸ್

ಯೆಸೇನಿಯಾ ಬರಾಗಾನ್ ವಾರದಲ್ಲಿ ಐದು ದಿನ ಸೇಬಿನ ಪ್ಯಾಕಿಂಗ್ ಶೆಡ್ಡಿನಲ್ಲಿ ಮೇಲ್ವಿಚಾರಕಿ. ಬೆಲ್ಟಿನ ಮೇಲೆ ಓಡುವ ಹಣ್ಣಿನ ಕಲೆಯನ್ನು ಹತ್ತಡಿ ದೂರದಿಂದಲೇ ಹಿಡಿಯುವ ಕಣ್ಣು ಅವಳದು. ಶನಿವಾರ ಬಂತೆಂದರೆ ಮಾತ್ರ ಅವಳು ಬರೀ ಮಿಸ್. ಅಮೆರಿಕದ ಯಾಕಿಮಾ ಕಣಿವೆಯ ಒಂದು ಸಣ್ಣ ಊರಿನ ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಚಳಿಗಾಲ ಹೈಸ್ಕೂಲು ಮಕ್ಕಳಿಗೆ ಮುಂದಾಳುತನದ ತರಬೇತಿ ನಡೆಯುತ್ತದೆ. ಹತ್ತು ವಾರದ ಕೊನೆಗೆ ಒಬ್ಬೊಬ್ಬರೂ ಊರಿನ ಕೌನ್ಸಿಲ್ ಮುಂದೆ ನಿಂತು ತಮ್ಮದೊಂದು ಬೇಡಿಕೆ ಹೇಳಬೇಕು. ಹನ್ನೊಂದು ವರ್ಷದಿಂದ ಅವಳು ಒಂದು ಸಲವೂ ತಪ್ಪಿಸಿಲ್ಲ. ಸಂಬಳವಿಲ್ಲ, ಹಾರ ತುರಾಯಿಯಿಲ್ಲ; ಸಿಗುವುದು ಆರಿದ ಕಾಫಿ, ಯಾರದೋ ಮನೆಯಿಂದ ಬಂದ ತಮಾಲೆ ಎಂಬ ಜೋಳದ ಕಡುಬು.

ಹದಿನಾರನೇ ವಯಸ್ಸಿನಲ್ಲಿ ಅವಳೂ ಇದೇ ತರಬೇತಿಯಲ್ಲಿ ಕೂತವಳು. ತೋಟಕ್ಕೆ ವಲಸೆ ಬಂದ ಕೂಲಿಯವರ ಲೈನ್‌ಮನೆಗಳ ಮಕ್ಕಳು ಏಳೆಂಟು ವರ್ಷಕ್ಕೇ ಅಪ್ಪ ಅಮ್ಮನ ಬಾಯಾಗುತ್ತಾರೆ. ಆಸ್ಪತ್ರೆಯಾಗಲಿ, ಬ್ಯಾಂಕಾಗಲಿ, ಅಮ್ಮ ಸ್ಪ್ಯಾನಿಷಿನಲ್ಲಿ ಹೇಳಿದ್ದನ್ನು ಮಗು ಇಂಗ್ಲಿಷಿನಲ್ಲಿ ಹೇಳಬೇಕು. ಪ್ರತಿ ವಾಕ್ಯಕ್ಕೂ ಮೊದಲು ‘ಅಮ್ಮ ಹೇಳ್ತಾರೆ’ ಎನ್ನುವುದು ರೂಢಿ. ಲೈನ್‌ಮನೆಯ ರಸ್ತೆಗೆ ದೀಪ ಬೇಕೆಂದು ಕೇಳಲು ನಿಂತ ಯೆಸೇನಿಯಾ ಕೌನ್ಸಿಲ್ ಮುಂದೆಯೂ ಹಾಗೇ ಶುರುಮಾಡಿದಳು. ಹಾಗಾದರೆ ಅಮ್ಮನನ್ನೇ ಕರಕೊಂಡು ಬಾ ಮಗು ಎಂದು ಸದಸ್ಯರೊಬ್ಬರು ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು, ಸಭೆಯೂ ಒಳ್ಳೆಯ ಮನಸ್ಸಿನಿಂದಲೇ ನಕ್ಕಿತು. ಹುಡುಗಿ ಬಾಯಿ ಕಟ್ಟಿ ಕೂತುಬಿಟ್ಟಳು, ದೀಪ ಬರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಮೂರು ವರ್ಷದ ಮೇಲೆ ಅವಳು ತಾನಾಗಿಯೇ ಬಂದು, ಮಕ್ಕಳ ಈ ಅಭ್ಯಾಸ ಬಿಡಿಸುವ ಕೆಲಸ ನನಗೆ ಕೊಡಿ ಎಂದು ಕೇಳಿದಳು.

ಅವಳ ಪಾಠ ಇಷ್ಟೇ. ಬಾಗಿಲಿನಿಂದ ನಡೆದು ಬಂದು ಮಾತಾಡಬೇಕು. ‘ಅಮ್ಮ ಹೇಳ್ತಾರೆ’ ಎಂದು ಬಾಯಿಗೆ ಬಂತೋ, ಮತ್ತೆ ಬಾಗಿಲಿಗೆ. ಬೈಯುವುದಿಲ್ಲ, ಬೆನ್ನು ತಟ್ಟುವುದಿಲ್ಲ, ಬಾಗಿಲಿನ ಕಡೆ ಬೆರಳು ತೋರಿಸುತ್ತಾಳೆ. ಈ ವರ್ಷ ಇಟ್ಸೆಲ್ ಎಂಬ ಹುಡುಗಿ ಒಂದೇ ಬೆಳಿಗ್ಗೆ ಹದಿನೇಳು ಸಲ ನಡೆದಳು. ಬಾಗಿಲಿಗೆ ಹತ್ತಿರವೇ ಕುರ್ಚಿ ಹಾಕಿಕೊಡಿ ಮಿಸ್ ಎಂದು ಅವಳು ಕೊನೆಗೆ ರೇಗಿದಾಗ, ಹಾಗಾದರೆ ಕಾಲಿಗೆ ಬುದ್ಧಿ ಬರುವುದು ಹೇಗೆ ಎಂದಳು ಯೆಸೇನಿಯಾ.

ಇಟ್ಸೆಲ್‌ಳ ಬೇಡಿಕೆ ಸಂಜೆಯ ಬಸ್ಸು. ಶಾಲೆಯಿಂದ ಲೈನ್‌ಮನೆಗೆ ಏಳು ಮೈಲಿ. ಆ ಬಸ್ಸನ್ನು ನಿಲ್ಲಿಸಲು ಕೌನ್ಸಿಲ್ ಹೊರಟಿತ್ತು. ಬಸ್ಸು ಹೋದರೆ ಶಾಲೆ ಬಿಟ್ಟ ಮೇಲೆ ನಡೆಯುವ ದಾದಿಯರ ಕೋರ್ಸು ಅವಳ ಕೈ ತಪ್ಪುತ್ತಿತ್ತು. ಆದರೆ ಮಗಳು ಕೌನ್ಸಿಲ್ ಮುಂದೆ ನಿಲ್ಲುವುದು ತಾಯಿ ಕ್ರಿಸಾಂತಳಿಗೆ ಬೇಡವೇ ಬೇಡ. ಅವಳು ಯೆಸೇನಿಯಾಳ ಬೆಲ್ಟಿನಲ್ಲೇ ಹಣ್ಣು ಆರಿಸುವವಳು. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮೇಲ್ವಿಚಾರಕಿಯ ಎದುರು ಬಂದು ನಿಂತಳು.

“ನೀವು ಒಳ್ಳೇದಕ್ಕೇ ಮಾಡ್ತಿದ್ದೀರಿ, ಇಲ್ಲ ಅನ್ನಲ್ಲ,” ಎಂದಳು. “ಆದ್ರೆ ಯಾರ ಕಣ್ಣಿಗೂ ಬೀಳದ ಹಾಗೆ ಇದ್ದಿದ್ದಕ್ಕೇ ನಾವಿಲ್ಲಿ ಹದಿನೈದು ವರ್ಷ ಬದುಕಿದ್ದೀವಿ.”

ಸುಳ್ಳು ಧೈರ್ಯ ಹೇಳುವ ಜಾಯಮಾನ ಯೆಸೇನಿಯಾಳದಲ್ಲ. ನೀವೂ ಬನ್ನಿ, ನನ್ನ ಪಕ್ಕದಲ್ಲೇ ಕೂತುಕೊಳ್ಳಿ ಎಂದಷ್ಟೇ ಹೇಳಿದಳು. ಮಂಗಳವಾರ ಸಂಜೆ ಕೌನ್ಸಿಲ್ ಸಭೆಗೆ ಕ್ರಿಸಾಂತ ಬಂದಳು. ಕೋಟು ಕೂಡ ಬಿಚ್ಚದೆ ಕೊನೆಯ ಸಾಲಿನ ಮೂಲೆಯಲ್ಲಿ, ಯೆಸೇನಿಯಾಳ ಪಕ್ಕ ಕೂತಳು.

ಇಟ್ಸೆಲ್ ಚೆನ್ನಾಗಿಯೇ ಶುರುಮಾಡಿದಳು. ನಡುವೆ ಸದಸ್ಯರೊಬ್ಬರು ಕನ್ನಡಕ ತೆಗೆದು, ಇದು ನಿಮ್ಮ ಮನೆಯವರ ಬೇಡಿಕೆಯೇ ಎಂದು ಕೇಳಿದರು. ಹುಡುಗಿಯ ಕಣ್ಣು ನೇರ ತಾಯಿಯ ಕಡೆ ಹೋಯಿತು. ಇಟ್ಸೆಲ್ ಹೌದು ಎಂದು ತಲೆಯಾಡಿಸಿದರೆ ಮುಗಿಯಿತು, ಮುಂದಿನ ಮಾತೆಲ್ಲ ಅಮ್ಮನದಾಗಿಬಿಡುತ್ತದೆ.

“ಇಲ್ಲ ಸಾರ್,” ಎಂದಳು ಇಟ್ಸೆಲ್, ಸಣ್ಣ ದನಿಯಲ್ಲಿ. “ನಾನಿಲ್ಲಿ ಬಂದಿರೋದೇ ನಮ್ಮಮ್ಮನಿಗೆ ಇಷ್ಟ ಇಲ್ಲ. ಅವ್ರಿಗೆ ಭಯ. ಬಸ್ಸು ಬೇಕಾಗಿರೋದು ನನಗೆ.”

ಏನಂದಳು ಎಂದು ಕ್ರಿಸಾಂತ ಯೆಸೇನಿಯಾಳ ಮೊಣಕೈ ಹಿಡಿದಳು. ಬಾಯಾಗಿ ಬೆಳೆದ ಮಕ್ಕಳಿಗೆಲ್ಲ ಒಂದು ವಿದ್ಯೆ ಗೊತ್ತು: ಮುಳ್ಳಿನ ಮಾತನ್ನು ಮುಳ್ಳು ತೆಗೆದು ದಾಟಿಸುವುದು. ಡಾಕ್ಟರು ಹೇಳಿದ್ದನ್ನು, ಹೆಡ್‌ಮಾಸ್ಟರು ದೂರಿದ್ದನ್ನು ಯೆಸೇನಿಯಾ ಎಷ್ಟು ಸಲ ಹಾಗೆ ತನ್ನ ತಾಯಿಗೆ ದಾಟಿಸಿರಲಿಲ್ಲ! ಈಗಲೂ ಒಂದು ಮೆತ್ತನೆಯ ಸುಳ್ಳು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ನುಂಗಿಕೊಂಡು, ಮಗಳು ಹೇಳಿದ್ದನ್ನು ಒಂದಕ್ಷರ ಬಿಡದೆ, ಭಯ ಎಂಬ ಮಾತನ್ನೂ ಸೇರಿಸಿ, ತಾಯಿಗೆ ಹೇಳಿದಳು. ಅಂಥ ಕಡೆ ಸತ್ಯ ಹೇಳುವುದಕ್ಕೆ ಗಟ್ಟಿ ಎದೆ ಬೇಕು.

ಕ್ರಿಸಾಂತ ಎದ್ದು ನಿಂತಳು. ಸಭೆಯ ತಲೆಗಳೆಲ್ಲ ಅವಳತ್ತ ತಿರುಗಿದವು.

“ಅಷ್ಟು ಮೆಲ್ಲಗೆ ಯಾಕೆ ಹೇಳ್ತೀಯ ಮಗಳೇ?” ಎಂದಳು ತನ್ನ ಭಾಷೆಯಲ್ಲೇ. “ಇಲ್ಲಿವರೆಗೂ ಕೇಳಬೇಕು. ಜೋರಾಗಿ ಹೇಳು.”

ಇಟ್ಸೆಲ್ ಮೊದಲಿನಿಂದ, ಜೋರಾಗಿ ಹೇಳಿದಳು. ಮೂರು ಕೈ ಬಸ್ಸಿನ ಪರ ಎದ್ದವು, ಎರಡು ಎದುರು. ಅಷ್ಟು ಹೊತ್ತೂ ಕ್ರಿಸಾಂತ ಕೂರಲಿಲ್ಲ. ಎಲ್ಲರ ಕಣ್ಣಿಗೂ ಬೀಳುವ ಹಾಗೆ ನಿಂತೇ ಇದ್ದಳು.